ಲಾರಿಗೆ ಹೆಚ್ಚುವರಿ ಗ್ಯಾರಂಟಿ ತೆಗೆದುಕೊಂಡದ್ದು

ನಾನು ನಿವೃತ್ತಳಾದ ದಿನ ಯಾರೂ ಹಾರ ಹಾಕಲಿಲ್ಲ. ನಮ್ಮ ಲಾರಿಯನ್ನು ಕೊಂಡವನು ಅದನ್ನು ಅಂಗಳದಿಂದ ಹಿಂದಕ್ಕೆ ತೆಗೆಯುವಾಗ ತುಳಸಿಕಟ್ಟೆಯ ಮೂಲೆಗೆ ಸ್ವಲ್ಪ ತಾಗಿಸಿ, “ಸಾರಿ ಅಕ್ಕ” ಎಂದು ಹೇಳಿ ಹೋದ. ಬೀಳ್ಕೊಡುಗೆ ಸಮಾರಂಭ ಅಲ್ಲಿಗೆ ಮುಗಿಯಿತು.

ಹದಿನೇಳು ವರ್ಷ ನಾನು ಮಾಡಿದ ಕೆಲಸಕ್ಕೆ ಹೆಸರಿರಲಿಲ್ಲ. ಸರಕಾರದ ಅರ್ಜಿಗಳಲ್ಲಿ ‘ಉದ್ಯೋಗ’ ಎಂದಿರುವಲ್ಲಿ ‘ಗೃಹಿಣಿ’ ಎಂದೇ ಬರೆಯುತ್ತಿದ್ದೆ. ಬರೆದು ಮುಗಿಸಿ ಅದೇ ಪೆನ್ನಿನಿಂದ ಲಾರಿಯ ಪರ್ಮಿಟ್ ಅರ್ಜಿ, ವಿಮೆಯ ಅರ್ಜಿ, ಟಯರು ಕಂಪೆನಿಗೆ ದೂರು ಎಲ್ಲವನ್ನೂ ಬರೆಯುತ್ತಿದ್ದೆ. ಮೊನ್ನೆ ತಂಗಿಯ ಮೊಮ್ಮಗಳು ಫೋನ್ ಮಾಡಿದಳು. ಮೂಡುಬಿದಿರೆಯಲ್ಲಿ ಲಾರಿ ಇರುವ ಮನೆಗೆ ಸೊಸೆಯಾಗಿ ಹೋದವಳು. “ಅಜ್ಜೀ, ಹೊಸ ಲಾರಿ ತೆಗೆಯುತ್ತಿದ್ದೇವೆ. ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ ಅಂತ ಕೇಳ್ತಾರೆ. ಈ ಮನೆಯಲ್ಲಿ ಓದಿದವಳು ನಾನೊಬ್ಬಳೇ ಅಂತ ಎಲ್ಲರೂ ನನ್ನ ಮುಖ ನೋಡ್ತಾರೆ” ಎಂದಳು. ಅಯ್ಯೋ ಪಾಪ, ಈ ಹುದ್ದೆ ಇನ್ನೂ ಖಾಲಿಯಾಗಿಲ್ಲ ಎಂದುಕೊಂಡೆ. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಬಂಟ್ವಾಳಕ್ಕೆ ಬಂದೆ. ಮನೆಯಲ್ಲಿ ಇವರು, ಅತ್ತೆ, ಮೂಗು ಉದ್ದದ ಒಂದು ಹಳೆಯ ಲಾರಿ, ಅದರ ಚಾಲಕ ಹಸನಬ್ಬ. ನೇಮಕಾತಿ ಮೂರನೆಯ ದಿನವೇ ಆಯಿತು. ಅತ್ತೆ ಲಾರಿಯ ಕಾಗದಗಳಿದ್ದ ಒಂದು ಕಪ್ಪು ಟ್ರಂಕನ್ನು ಕಾಲಿನಿಂದಲೇ ನನ್ನತ್ತ ದೂಡಿ, “ನಿನಗೆ ಇಂಗ್ಲಿಷ್ ಬರ್ತದಲ್ಲ, ಇನ್ನು ಇದು ನಿನ್ನದು” ಎಂದರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಹನ್ನೊಂದು ವರ್ಷ ನನಗೆ ಹೂ, ಹಕ್ಕಿ, ದಯೆ, ಕ್ಷಮೆಗಳ ಬಗ್ಗೆ ಇಂಗ್ಲಿಷ್ ಕಲಿಸಿದ್ದರು. ಟ್ರಂಕ್ ತೆರೆದರೆ ಹೂವೂ ಇಲ್ಲ, ಹಕ್ಕಿಯೂ ಇಲ್ಲ. ದಯೆಯಂತೂ ಯಾವ ಕಾಗದದಲ್ಲೂ ಇರಲಿಲ್ಲ.

ನನ್ನ ಮೊದಲ ಪ್ರಮಾದ ಬ್ಯಾಟರಿಯದು. ಹೊಸ ಬ್ಯಾಟರಿಯ ಜತೆ ಒಂದು ಗ್ಯಾರಂಟಿ ಕಾರ್ಡು ಬಂದಿತ್ತು. ಎಷ್ಟು ಚೆಂದದ ಕಾರ್ಡು! ಅಂಚಿಗೆ ನೀಲಿ ಗೆರೆ, ಮೂಲೆಯಲ್ಲಿ ಸಣ್ಣ ಆನೆ. ಅದು ಹಾಳಾಗಬಾರದೆಂದು ಬೆಣ್ಣೆ ಕಾಗದದಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಟ್ರಂಕಿನ ತಳದಲ್ಲಿ ಇಟ್ಟೆ. ಎಂಟು ತಿಂಗಳಿಗೆ ಬ್ಯಾಟರಿ ಸತ್ತಿತು. ಕಾರ್ಡನ್ನು ಹೆಮ್ಮೆಯಿಂದ ತೆಗೆದುಕೊಂಡು ಹೋದರೆ ಅಂಗಡಿಯವನು ಹಿಂಬದಿ ತಿರುಗಿಸಿ ತೋರಿಸಿದ: ಕೊಂಡ ಹದಿನೈದು ದಿನದೊಳಗೆ ಕಂಪೆನಿಗೆ ಕಳುಹಿಸದಿದ್ದರೆ ಗ್ಯಾರಂಟಿ ಇಲ್ಲ. ನಾನು ಆನೆಯನ್ನು ನೋಡುತ್ತಾ ಹಿಂಬದಿಯನ್ನು ಓದಿರಲಿಲ್ಲ. “ಕಾರ್ಡಿಗೆ ಏನೂ ಆಗ್ಲಿಲ್ಲ ಅಲ್ವಾ? ಅಷ್ಟು ಸಾಕು” ಎಂದರು ಅತ್ತೆ. ಅವರು ಬಯ್ಯುತ್ತಿರಲಿಲ್ಲ, ಹೀಗೆ ಸಮಾಧಾನ ಮಾಡುತ್ತಿದ್ದರು.

ಆಗಿನ ನಿಜವಾದ ಗ್ಯಾರಂಟಿ ಕಾಗದದಲ್ಲಿ ಇರಲಿಲ್ಲ, ಪಾಣೆಮಂಗಳೂರಿನ ಸೇತುವೆಯ ಆಚೆ ತಗಡಿನ ಶೆಡ್ಡಿನಲ್ಲಿ ಇತ್ತು. ಅಲ್ಲಿ ಫೆಲಿಕ್ಸ್ ಪೊರ್ಬುಗಳ ಗ್ಯಾರೇಜು. ನಮ್ಮಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುವುದು. ಒಂದು ಮಳೆಗಾಲ ನೇತ್ರಾವತಿ ಪೇಟೆಯೊಳಗೆ ಬಂದು ನಮ್ಮ ಲಾರಿಯ ಸೀಟಿನವರೆಗೆ ನಿಂತು ಹೋದಳು. ನೀರು ಇಳಿದ ಮರುದಿನ ಯಾರೂ ಕರೆಯದೆ ಪೊರ್ಬುಗಳು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬಂದರು. ಎಂಜಿನ್ನನ್ನು ಬಿಚ್ಚಿ ಜಗಲಿಯ ಮೇಲೆ ಬಾಳೆಲೆ ಹಾಸಿ ಒಂದೊಂದೇ ಭಾಗ ಜೋಡಿಸಿದರು. ಮದುವೆ ಊಟಕ್ಕೆ ಬಡಿಸಿದ ಹಾಗೆ ಕಾಣುತ್ತಿತ್ತು. ನಾಲ್ಕು ದಿನ ನಮ್ಮ ಬಚ್ಚಲ ಒಲೆಯ ಬಳಿ ಪಿಸ್ಟನ್ನುಗಳು ಬೆಚ್ಚಗೆ ಕುಳಿತವು. ಐದನೆಯ ದಿನ ಲಾರಿ ಹೊರಟಿತು.

“ಇದಕ್ಕೆ ಎಷ್ಟು ಸಮಯ ಗ್ಯಾರಂಟಿ, ಪೊರ್ಬುಗಳೇ?” ಎಂದು ಇವರು ತಮಾಷೆಗೆ ಕೇಳಿದರು.

“ನಾನು ಸಾಯುವವರೆಗೆ ಉಂಟು ಶೆಟ್ರೇ. ಆಮೇಲೆ ನಿಮ್ಮ ಹಣೆಬರಹ.”

ಆದರೆ ಅವರೂ ದೇವರಲ್ಲ. ಎಂಬತ್ತರ ನಂತರ ಒಂದು ದಿನ ಮಡಂತ್ಯಾರಿನ ಏರಿನಲ್ಲಿ ಹಂಚು ತುಂಬಿದ ಆ ಲಾರಿಯ ಕ್ರಾಂಕು ಮುರಿಯಿತು. ಬಿಡಿಭಾಗ ಬರಲು ಮೂರು ತಿಂಗಳು. ಅಷ್ಟು ಸಮಯ ಲಾರಿ ರಸ್ತೆಬದಿಯ ಗೋಳಿಮರದ ಅಡಿಯಲ್ಲಿ ನಿಂತಿತ್ತು, ಅದರ ಮೇಲೆ ಕಾಗೆಗಳು ಸಂಸಾರ ಹೂಡಿದವು. ನಮಗಿದ್ದ ಅನ್ನದ ದಾರಿ ಅದೊಂದೇ. ಇವರು ದಿನಾ ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಲಾರಿಯ ಪಕ್ಕ ಕುಳಿತು ಸಂಜೆ ಬರುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ಅಂಗಿಯ ಬೆನ್ನಿನಲ್ಲಿ ಗೋಳಿಮರದ ಅಂಟು ಇರುತ್ತಿತ್ತು, ಒಗೆದರೂ ಹೋಗುತ್ತಿರಲಿಲ್ಲ. ಆ ಮೂರು ತಿಂಗಳ ಭಯ ಇವರಿಂದ ಆಮೇಲೂ ಹೋಗಲಿಲ್ಲ. ಮುಂದಿನದೆಲ್ಲ ಆದದ್ದು ಆ ಭಯದಿಂದಲೇ.

ಎಂಬತ್ತರ ದಶಕದ ನಡುವಿನಲ್ಲಿ ಹಳೆಯದನ್ನು ಕೊಟ್ಟು ಹೊಸ ಲಾರಿಗೆ ಹೆಸರು ಬರೆಸಿದೆವು. ಮಂಗಳೂರಿನಿಂದ ಸೇಲ್ಸ್‌ಮ್ಯಾನ್ ಬಂದ. ಮೇ ತಿಂಗಳ ಸೆಕೆಯಲ್ಲಿ ಟೈ ಕಟ್ಟಿದ್ದ. ಟೈಯ ಗಂಟಿನ ಸುತ್ತ ಮಾತ್ರ ಬೆವರು ಒಣಗಿ ಉಪ್ಪಿನ ಗೆರೆ ಎದ್ದಿತ್ತು. ಪಾಪ, ಎರಡು ಲೋಟ ಮಜ್ಜಿಗೆ ಕುಡಿದ ಮೇಲೆಯೇ ಅವನ ಬಾಯಿಗೆ ಭಾಷೆ ಬಂದದ್ದು. ಲಾರಿಗೆ ಕಂಪೆನಿ ಕೊಡುವ ಗ್ಯಾರಂಟಿ ಒಂದು ವರ್ಷ. ಸ್ವಲ್ಪ ಹಣ ಹೆಚ್ಚು ಕಟ್ಟಿದರೆ ಇನ್ನೂ ಎರಡು ವರ್ಷದ ಹೆಚ್ಚುವರಿ ಗ್ಯಾರಂಟಿ. “ಮೂರು ವರ್ಷ ನೀವು ಆರಾಮ ನಿದ್ದೆ ಮಾಡ್ಬಹುದು ಸಾರ್” ಎಂದು ಒಂದು ಪುಸ್ತಕ ಕೊಟ್ಟ. ಶಾಲೆಯ ಅಟ್ಲಾಸಿನಷ್ಟು ದೊಡ್ಡದು, ಹೊಳೆಯುವ ಗಟ್ಟಿ ರಟ್ಟಿನ ಹೊದಿಕೆ. ಅತ್ತೆ ಅದನ್ನು ಮುಟ್ಟಿ ನೋಡಿ, “ರಟ್ಟು ಲಾಯ್ಕುಂಟು. ಉಪ್ಪಿನಕಾಯಿ ಭರಣಿಗೆ ಮುಚ್ಚಲಿಕ್ಕೆ ಆಗ್ತದೆ” ಎಂದರು. ಒಂದು ವಾರದೊಳಗೆ ಉತ್ತರ ಹೇಳಬೇಕಿತ್ತು.

ಆ ವಾರ ನಮ್ಮ ಜಗಲಿಯಲ್ಲಿ ದಿನಾ ಸಂಜೆ ಸಭೆ. ನಾನು ಓದಿ ಅರ್ಥ ಹೇಳುವುದು, ಉಳಿದವರು ತೀರ್ಪು ಕೊಡುವುದು. ಮಾತೆಲ್ಲ ತುಳುವಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲನೆಯ ದಿನ ಗ್ಯಾರಂಟಿಗೆ ಸೇರದ ವಸ್ತುಗಳನ್ನು ಓದಿದೆ. ಟಯರು, ಟ್ಯೂಬು, ಬ್ಯಾಟರಿ, ಬಲ್ಬು, ಗಾಜು, ರಬ್ಬರಿನದ್ದೆಲ್ಲ, ಬ್ರೇಕಿನ ಲೈನರು, ಕ್ಲಚ್ಚಿನ ಪ್ಲೇಟು, ಸ್ಪ್ರಿಂಗು.

“ಮತ್ತೆ ಉಳಿದದ್ದು ಎಂತದು? ಹಾರ್ನಾ?” ಎಂದ ಹಸನಬ್ಬ.

“ಹಾರ್ನೂ ಇಲ್ಲ, ಅದು ಕರೆಂಟಿನದ್ದು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಎಕ್ಸೆಲ್ ಉಂಟು.”

“ಅದು ಸಾಕಲ್ಲ! ಮುರಿಯುವುದು ಅದೇ” ಎಂದರು ಇವರು. ಅವರ ಕಣ್ಣಿನಲ್ಲಿ ಗೋಳಿಮರ ಕಾಣುತ್ತಿತ್ತು.

“ಹೆಚ್ಚು ಭಾರ ಹಾಕಬಾರದು. ಕೆಟ್ಟ ರಸ್ತೆಯಲ್ಲಿ ಓಡಿಸಬಾರದು” ಎಂದು ಮುಂದೆ ಓದಿದೆ.

ಹಸನಬ್ಬ ಬೀಡಿ ಕೆಳಗಿಟ್ಟ. “ಅಕ್ಕ, ಸಿದ್ದಕಟ್ಟೆ ರಸ್ತೆಯಲ್ಲಿ ಮೂಡುಬಿದಿರೆಗೆ ಕಂಪೆನಿಯವರು ಒಮ್ಮೆ ಬರಲಿ. ಅವರ ಹಲ್ಲಿಗೆ ಗ್ಯಾರಂಟಿ ಉಂಟಾ ಕೇಳಿ.”

ನಿಜವಾದ ತೊಡಕು ಒಂಬತ್ತನೆಯ ಪುಟದಲ್ಲಿತ್ತು. ಗ್ಯಾರಂಟಿ ಇರುವಷ್ಟು ಸಮಯ ಲಾರಿಯ ಎಲ್ಲ ಕೆಲಸ ಮಂಗಳೂರಿನ ಕಂಪೆನಿ ವರ್ಕ್‌ಶಾಪಿನಲ್ಲೇ ಆಗಬೇಕು. ಹೊರಗಿನ ಮೆಕ್ಯಾನಿಕ್ ಒಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿದರೂ ಗ್ಯಾರಂಟಿ ರದ್ದು. ಗೊತ್ತಾಗಲೆಂದು ಬೋಲ್ಟುಗಳ ಮೇಲೆ ಹಳದಿ ಬಣ್ಣದ ಗುರುತು ಹಾಕಿರುತ್ತಾರೆ. ಇದನ್ನು ಓದುವಾಗ ಫೆಲಿಕ್ಸ್ ಪೊರ್ಬುಗಳೂ ಜಗಲಿಯಲ್ಲೇ ಇದ್ದರು. ಭಾನುವಾರ ಇಗರ್ಜಿಯಿಂದ ಹಿಂತಿರುಗುವಾಗ ನಮ್ಮಲ್ಲಿ ಚಾ ಕುಡಿಯುವುದು ಅವರ ಕ್ರಮ. ನಾನು ಓದುವುದನ್ನು ನಿಲ್ಲಿಸಿದೆ. ಅವರು ತಟ್ಟೆಯಲ್ಲಿ ಉಳಿದಿದ್ದ ಅವಲಕ್ಕಿಯ ಕಾಳುಗಳನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಿದ್ದರು. ಆ ಬೆರಳುಗಳ ಗೆರೆಯಲ್ಲಿ ಕಪ್ಪು ಎಣ್ಣೆ ಭಾನುವಾರವೂ ಹೋಗುತ್ತಿರಲಿಲ್ಲ.

“ತೆಕ್ಕೊಳ್ಳಿ ಶೆಟ್ರೇ, ಒಳ್ಳೆದೇ” ಎಂದರು. “ನನಗೂ ಪ್ರಾಯ ಆಯ್ತು.” ಆಗ ಅವರಿಗೆ ನಲವತ್ತೈದು.

ಆ ದಿನ ಊಟ ಮಾಡುವಾಗ ಇವರು ನನ್ನನ್ನು ಕೇಳಿದರು, “ನೀನೇ ಹೇಳು. ಪೊರ್ಬುಗಳನ್ನು ಬಿಡುವುದಾ? ಇಲ್ಲ, ಇನ್ನೊಂದು ಸಲ ಮಡಂತ್ಯಾರಿನಲ್ಲಿ ಕೂರುವುದಾ?” ಮದುವೆಯಾಗಿ ಇಷ್ಟು ವರ್ಷಕ್ಕೆ ಲಾರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಪುಸ್ತಕವನ್ನು ನಾಲ್ಕು ಸಲ ಓದಿದ್ದೆ. ಹಿಂಬದಿಯನ್ನೂ ಓದಿದ್ದೆ, ಬ್ಯಾಟರಿಯ ಆನೆಯನ್ನು ಮರೆತಿರಲಿಲ್ಲ. ಮೂರು ವರ್ಷ ಇವರು ಬೆನ್ನಿಗೆ ಅಂಟು ಹತ್ತಿಸಿಕೊಳ್ಳದೆ ಇದ್ದರೆ ಸಾಕೆನಿಸಿತು. “ತೆಗೆದುಕೊಳ್ಳುವ” ಎಂದೆ. ಪೊರ್ಬುಗಳು ನಮ್ಮವರೇ, ಅರ್ಥ ಮಾಡಿಕೊಳ್ಳುತ್ತಾರೆ ಎಂದೂ ಸೇರಿಸಿದೆ. ನಮ್ಮವರೆಂದು ಹೇಳಿದ ಮೇಲೆ ಅವರಿಗೆ ಎಷ್ಟು ಅನ್ಯಾಯ ಮಾಡಿದರೂ ನಡೆಯುತ್ತದಲ್ಲ.

ಲಾರಿ ಸಿಗುವಾಗ ಜುಲೈ ನಡುಭಾಗ. ಆಟಿ ತಿಂಗಳಿಗೆ ಎರಡೇ ದಿನ ಬಾಕಿ. ತುಳುನಾಡಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ಆಟಿಯಲ್ಲಿ ನಾವು ಹೊಸದೇನನ್ನೂ ತೊಡಗುವುದಿಲ್ಲ. ಮದುವೆ ಇಲ್ಲ, ಹೊಸಮನೆ ಒಕ್ಕಲು ಇಲ್ಲ, ಕಸ ಗುಡಿಸುವ ಹೊಸ ಹಿಡಿಸೂಡಿಯನ್ನೂ ತರುವುದಿಲ್ಲ. ಸರದಿ ಬಿಟ್ಟರೆ ಮತ್ತೆ ಯಾವಾಗಲೋ ಎಂದು ಡೀಲರ್ ಹೆದರಿಸಿದ್ದರಿಂದ ಆಟಿಗೆ ಮೊದಲೇ ಬಿಲ್ಲು ಮಾಡಿಸಿ, ಗ್ಯಾರಂಟಿಗೆ ಸಹಿ ಹಾಕಿ, ಲಾರಿಯನ್ನು ಮನೆಗೆ ತಂದೆವು. ಅತ್ತೆ ಆರತಿ ಎತ್ತಿ, “ಇನ್ನು ಸೋಣ ಸಂಕ್ರಾಂತಿಗೆ ಹೊರಟರೆ ಸಾಕು” ಎಂದರು.

ಅಲ್ಲಿಗೆ ಹೊಸ ಲಾರಿ ಒಂದು ತಿಂಗಳು ಟಾರ್ಪಾಲು ಹೊದ್ದು ಅಂಗಳದಲ್ಲಿ ನಿಂತಿತು. ಹಸನಬ್ಬ ದಿನಾ ಬಂದು ಒರೆಸುತ್ತಿದ್ದ. “ನಮಗೆ ಆಟಿ ಇಲ್ಲ ಅಕ್ಕ, ಆದರೆ ಅಮ್ಮ ಇದ್ದಾರಲ್ಲ” ಎನ್ನುತ್ತಿದ್ದ. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ದಿನ ಚಕ್ರದ ಅಡಿಗೆ ಲಿಂಬೆ ಇಟ್ಟು ಹೊರಟೆವು. ಎರಡು ವಾರ ಕಳೆದು ಮೊದಲ ಸರ್ವಿಸಿಗೆ ಮಂಗಳೂರಿಗೆ ಕಳುಹಿಸಿದೆ. ಮೊದಲ ಸರ್ವಿಸ್ ಸಾವಿರ ಕಿಲೋಮೀಟರಿಗೆ ಎಂದಿತ್ತು, ನಮ್ಮ ಮೀಟರಿನಲ್ಲಿ ಎಂಟುನೂರು ಕೂಡ ಆಗಿರಲಿಲ್ಲ. ಇಷ್ಟು ಮುಂಚಿತವಾಗಿ ಕೆಲಸ ಮಾಡುವ ನನ್ನಂಥವಳು ತಾಲೂಕಿನಲ್ಲೇ ಇಲ್ಲ ಎಂದು ಎರಡು ದಿನ ನನ್ನಷ್ಟಕ್ಕೇ ಬೀಗಿದೆ. ವರ್ಕ್‌ಶಾಪಿನವರು ಸೀಲು ಒತ್ತಿ ಕೊಟ್ಟರು. ಯಾರೂ ಏನೂ ಹೇಳಲಿಲ್ಲ.

ಗ್ಯಾರಂಟಿ ಎಂದರೇನೆಂದು ನಂತರ ತಿಳಿಯತೊಡಗಿತು. ಪೊರ್ಬುಗಳ ಶೆಡ್ಡಿನ ಎದುರಿನಿಂದಲೇ ಹೋಗುವ ಲಾರಿ ಒಂದು ಸಡಿಲ ಬೋಲ್ಟಿಗಾಗಿ ಮಂಗಳೂರಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಮೊದಲು ಲಾರಿಯನ್ನು ತೊಳೆಯುತ್ತಾರೆ, ಆಮೇಲೆ ಊಟಕ್ಕೆ ಹೋಗುತ್ತಾರೆ, ಆಮೇಲೆ ನಾಳೆ ಬನ್ನಿ ಎನ್ನುತ್ತಾರೆ. “ಅಕ್ಕ, ಈ ತಿಂಗಳು ಲಾರಿ ನಾಲ್ಕು ಸಲ ಮಿಂದಿತು, ನಾನು ಎರಡೇ ಸಲ” ಎಂದು ಹಸನಬ್ಬ ವರದಿ ಒಪ್ಪಿಸುತ್ತಿದ್ದ.

ಪೊರ್ಬುಗಳು ಭಾನುವಾರದ ಚಾ ಬಿಡಲಿಲ್ಲ. ಚಾ ಕುಡಿದು ಅಂಗಳಕ್ಕೆ ಇಳಿದು ಲಾರಿಗೆ ಒಂದು ಸುತ್ತು ಬರುತ್ತಿದ್ದರು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು. ಬಗ್ಗಿ ನೋಡುವರು, ಕಿವಿಗೊಡುವರು, ಕೈ ಮಾತ್ರ ಮುಂದಕ್ಕೆ ಬರುತ್ತಿರಲಿಲ್ಲ. ಒಮ್ಮೆ ಹೇಳಿದರು: “ಗೇರ್‌ಬಾಕ್ಸಿನಲ್ಲಿ ಒಂದು ಸಣ್ಣ ಸ್ವರ ಉಂಟು ಶೆಟ್ರೇ. ನಾನು ಮುಟ್ಟುವುದಿಲ್ಲ. ಅಲ್ಲಿ ಹೇಳಿ.” ಅಲ್ಲಿ ಹೇಳಿದೆವು. ಅಲ್ಲಿನವರು ತೊಳೆದು ಕಳುಹಿಸಿದರು.

ಎರಡನೆಯ ಮಳೆಗಾಲದಲ್ಲಿ ಬೆಳ್ತಂಗಡಿಗೆ ಹಂಚು ಹೇರಿಕೊಂಡು ಹೋಗುವಾಗ, ಬೇರೆಲ್ಲೂ ಅಲ್ಲ, ಅದೇ ಮಡಂತ್ಯಾರಿನ ಏರಿನಲ್ಲಿ, ಅದೇ ಗೋಳಿಮರದ ಅಡಿಯಲ್ಲಿ ಗೇರ್‌ಬಾಕ್ಸ್ ಕೈಕೊಟ್ಟಿತು. ಸುದ್ದಿ ಕೇಳಿ ಇವರು ಗಾಬರಿಯಾಗಲಿಲ್ಲ. “ಪುಸ್ತಕ ತೆಗಿ” ಎಂದರು, ಬಹುಮಾನ ತರಲು ಹೋಗುವವರ ಹಾಗೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕವನ್ನು ತೊಡೆಯ ಮೇಲಿಟ್ಟು ಇಬ್ಬರೂ ಮಂಗಳೂರಿನ ಬಸ್ಸು ಹತ್ತಿದೆವು.

ವರ್ಕ್‌ಶಾಪಿನ ಮ್ಯಾನೇಜರು ಉತ್ತರದ ಕಡೆಯವರು, ತುಂಬಾ ಸಭ್ಯರು. ಪುಸ್ತಕ ಬಿಡಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ ಆಡಿಸಿ, ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು: “ಕ್ಷಮಿಸಿ ಮೇಡಂ, ಗ್ಯಾರಂಟಿ ಇಲ್ಲ. ಮೊದಲ ಸರ್ವಿಸ್ ಸಾವಿರ ಕಿಲೋಮೀಟರಿಗೆ, ಇಲ್ಲವೇ ಮೂವತ್ತು ದಿನದೊಳಗೆ. ಯಾವುದು ಮೊದಲು ಬರುತ್ತದೋ ಆಗ. ನೀವು ತಂದದ್ದು ನಲವತ್ತೇಳನೆಯ ದಿನ.”

“ಲಾರಿ ಓಡಲೇ ಇಲ್ಲವಲ್ಲ! ಆಟಿ ಅಲ್ಲವಾ?”

“ಆಟಿ ಎಂದರೆ?”

ಸಿಸ್ಟರುಗಳು ಕಲಿಸಿದ ಅಷ್ಟೂ ಇಂಗ್ಲಿಷನ್ನು ಖರ್ಚು ಮಾಡಿ ಆಟಿಯೆಂದರೇನೆಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿ, “ಬಹಳ ಕುತೂಹಲಕರ ಪದ್ಧತಿ. ಆದರೆ ಕಂಪೆನಿಯ ಪುಸ್ತಕದಲ್ಲಿ ಈ ತಿಂಗಳು ಇಲ್ಲ” ಎಂದರು. ಪಕ್ಕದ ಮೇಜಿನ ಗುಮಾಸ್ತ ನಮ್ಮ ಕಡೆಯವನೇ. ಅವನು ತಲೆ ತಗ್ಗಿಸಿ ಪಿನ್ನಿನ ಡಬ್ಬಿಯಲ್ಲಿ ಪಿನ್ನುಗಳನ್ನು ಎಣಿಸತೊಡಗಿದ. ನಮ್ಮ ಲಾರಿಗೆ ತಡವಾದ ಸೀಲು ಒತ್ತಿದವನು ಅವನೇ ಇರಬೇಕು. ಅವನಿಗಾದರೂ ಏನು ಹೇಳುವುದು, ಅವನ ಅಮ್ಮನೂ ಆಟಿಯಲ್ಲಿ ಹಿಡಿಸೂಡಿ ತರುವವರಲ್ಲ.

ಆ ಸಾಲನ್ನು ನಾನು ಓದಿರಲಿಲ್ಲವೇ? ಓದಿದ್ದೆ, ಜಗಲಿಯಲ್ಲಿ ಎಲ್ಲರಿಗೂ ಅರ್ಥ ಹೇಳಿದ್ದೆ. ಆದರೆ ನಿಂತಲ್ಲೇ ನಿಂತಿದ್ದ ಲಾರಿಗೂ ದಿನಗಳು ಓಡುತ್ತವೆಂದು ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಆಟಿಯ ದಿನಗಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಪುಸ್ತಕವನ್ನು ನಾಲ್ಕು ಸಲ ಓದಿದವಳು ಗೋಡೆಯ ಕ್ಯಾಲೆಂಡರನ್ನು ಒಮ್ಮೆಯೂ ನೋಡಲಿಲ್ಲ.

ಹಿಂತಿರುಗುವಾಗ ಬಸ್ಸು ಫರಂಗಿಪೇಟೆ ದಾಟಿದ ಮೇಲೆ ಇವರು, “ನೀನು ಓದಿದ್ದು ಸರಿಯೇ ಇತ್ತು” ಎಂದು ಕಿಟಕಿಯಿಂದ ಹೊರಗೆ ನೋಡಿದರು. ಬಯ್ದಿದ್ದರೆ ಒಳ್ಳೆಯದಿತ್ತು. ಪಾಣೆಮಂಗಳೂರಿನ ಸೇತುವೆಗೆ ತಿರುಗುವಲ್ಲಿ ನಾನು ಎದ್ದು ನಿಂತೆ. “ಇಲ್ಲಿ ಯಾಕೆ?” ಎಂದು ಕೇಳಿದರು. ಯಾಕೆಂದು ಅವರಿಗೂ ಗೊತ್ತಿತ್ತು. ತಪ್ಪು ತೀರ್ಪು ಕೊಟ್ಟವಳು ನಾನು, ಮುಖ ತೋರಿಸಬೇಕಾದವಳೂ ನಾನೇ.

ಶೆಡ್ಡಿನಲ್ಲಿ ಪೊರ್ಬುಗಳು ಒಂದು ಜೀಪಿನ ಅಡಿಯಲ್ಲಿದ್ದರು. ನನ್ನ ಚಪ್ಪಲಿ ನೋಡಿ ಗುರುತು ಹಿಡಿದು ಹೊರಬಂದರು. ನಾನು ಎಲ್ಲ ಹೇಳಿದೆ. ನಡುವೆ ಒಂದು ಸಲ ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಕೈ ಒರೆಸಿಕೊಂಡು, ರೂಢಿಯಿಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕೇಳಿದರು:

“ಹಾಗಾದ್ರೆ ಈಗ ನಾನು ಮುಟ್ಟಬಹುದಾ ಅಕ್ಕ?”

ಸೆರಗಿನಿಂದ ಕಣ್ಣೊರೆಸಿಕೊಂಡು ಹೌದೆಂದು ತಲೆ ಆಡಿಸಿದೆ. “ಚಾ ಮಾಡಿಡಿ ಮಾರಾಯ್ರೆ, ಮತ್ತೆ ಅಳುವ” ಎಂದು ಸ್ಪ್ಯಾನರಿನ ಚೀಲ ಹೆಗಲಿಗೇರಿಸಿದರು.

ಲಾರಿಯನ್ನು ಎಳೆಸಿ ನಮ್ಮ ಅಂಗಳಕ್ಕೆ ತಂದರು. ಮೂರು ದಿನ ಜಗಲಿಯಲ್ಲಿ ಮತ್ತೆ ಬಾಳೆಲೆ, ಮತ್ತೆ ಬಡಿಸಿದ ಹಲ್ಲುಚಕ್ರಗಳು. ಹಳದಿ ಗುರುತಿನ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕುವಾಗ ಅವರು ಒಂದು ಕ್ಷಣ ತಡೆದು ನನ್ನತ್ತ ನೋಡಿದ್ದು ಮಾತ್ರ ನನಗೆ ಕಂಡಿತು. ಚಕ್ರಗಳು ಮಂಗಳೂರಿನ ಅಂಗಡಿಯಲ್ಲಿ ಹೇಗೋ ಸಿಕ್ಕಿದವು. ಕೊನೆಗೆ ಒಂದು ಸಣ್ಣ ವಸ್ತುವಿಗೆ ಎಲ್ಲ ನಿಂತಿತು. ಗೇರ್‌ಬಾಕ್ಸಿನ ಮುಚ್ಚಳದ ಅಡಿಗೆ ಎಣ್ಣೆ ಸೋರದಂತೆ ಒಂದು ಪ್ಯಾಕಿಂಗ್ ಹಾಕುತ್ತಾರೆ. ಅದು ಕಂಪೆನಿಯಿಂದ ಬರಲು ತಿಂಗಳಾಗುತ್ತದಂತೆ.

“ಗಟ್ಟಿ ರಟ್ಟು ಏನಾದ್ರೂ ಉಂಟಾ ಅಕ್ಕ? ಕೊರೆದು ಮಾಡುವ.”

ಸೀರೆಯ ಪೆಟ್ಟಿಗೆಯ ರಟ್ಟು ಕೊಟ್ಟೆ. “ಇದು ಎಣ್ಣೆ ಕುಡಿಯುತ್ತದೆ.” ಮದುವೆ ಕಾಗದ ಕೊಟ್ಟೆ. “ಇದು ಸಣ್ಣದು, ತೆಳು.” ಅತ್ತೆ ಒಳಗಿನಿಂದ ಕೂಗಿ ಹೇಳಿದರು: “ಆ ನಿದ್ದೆ ಮಾಡುವ ಪುಸ್ತಕ ಎಲ್ಲಿ ಉಂಟು? ಅದು ಕೊಡು.”

ತಂದು ಕೊಟ್ಟೆ. ಪೊರ್ಬುಗಳು ಹಿಂಜರಿದರು. “ಇದು ಬೇಡ, ಇದರಲ್ಲಿ ಸೀಲು ಸಹಿ ಉಂಟು.” ನಾನು ಹೊದಿಕೆಯನ್ನು ನನ್ನ ಕೈಯಾರೆ ಹರಿದು ಬಿಡಿಸಿ ಹಾಸಿದೆ. ಅವರು ಮುಚ್ಚಳವನ್ನು ಅದರ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ತಟ್ಟುತ್ತಾ ಹೋದಂತೆ ರಟ್ಟು ಕತ್ತರಿಸಿಕೊಂಡು ಬಂತು. ಬೋಲ್ಟಿನ ತೂತುಗಳೂ ಹಾಗೆಯೇ ಬಿದ್ದವು. ಗ್ರೀಸ್ ಸವರಿ ಕೂರಿಸಿದರು. ಬೆರಳಿನ ಅಡಿಯಲ್ಲಿ ದಪ್ಪಕ್ಷರದ ಕೆಲವು ಪದಗಳು ಒಮ್ಮೆ ಹೊಳೆದು ಒಳಗೆ ಹೋದವು.

ಮಾರುವ ದಿನದವರೆಗೆ ಆ ಗೇರ್‌ಬಾಕ್ಸಿನಿಂದ ಒಂದು ತೊಟ್ಟು ಎಣ್ಣೆ ಅಂಗಳಕ್ಕೆ ಬೀಳಲಿಲ್ಲ. ಲಾರಿ ಮತ್ತೆ ಮಡಂತ್ಯಾರಿನಲ್ಲಿ ನಿಲ್ಲಲೂ ಇಲ್ಲ. ಹಾಗಾಗಿ ಹೆಚ್ಚುವರಿ ಗ್ಯಾರಂಟಿ ಸುಳ್ಳು ಎಂದು ನಾನು ಯಾರಿಗೂ ಹೇಳುವುದಿಲ್ಲ. ನಮ್ಮದು ಮೂರು ವರ್ಷಕ್ಕಿಂತ ಹೆಚ್ಚೇ ಬಾಳಿತು.

ಇದನ್ನೆಲ್ಲ ಫೋನಿನಲ್ಲಿ ಹೇಳಿ, “ಮೊದಲು ರಟ್ಟು ಗಟ್ಟಿ ಉಂಟಾ ನೋಡು ಮಗಾ” ಎಂದೆ. ಅವಳು, “ಈಗ ಪುಸ್ತಕ ಕೊಡುವುದಿಲ್ಲ ಅಜ್ಜೀ, ಎಲ್ಲ ಮೊಬೈಲಿಗೇ ಬರ್ತದೆ” ಎಂದಳು.

ಹಾಗಾದರೆ ಅದನ್ನು ಯಾಕೆ ತೆಗೆದುಕೊಳ್ಳಬೇಕೋ ನನಗೆ ತಿಳಿಯದು.